ಮೌನವು ನ್ಯಾಯದ ಬಾಗಿಲನ್ನು ಮುಚ್ಚಲಾರದು

ವಿವಾಹವು ದೇವರು ಬೆಸೆದ ಬಂಧವೆಂಬುದು ನಮ್ಮ ವಿಶ್ವಾಸ. ಆದರೂ ಪತಿಯು ತೊರೆದುಹೋಗಿ, ಮಕ್ಕಳೊಡನೆ ಒಂಟಿಯಾಗಿ ಬಾಳುತ್ತಿರುವ ಸಹೋದರಿಯರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ. ಮಕ್ಕಳ ಪೋಷಣೆಗೂ ಹಕ್ಕುಗಳ ರಕ್ಷಣೆಗೂ ಅನ್ಯಮಾರ್ಗವಿಲ್ಲದಾಗ ನಾಗರಿಕ ವಿಚ್ಛೇದನವನ್ನು ಸಹಿಸಬಹುದೆಂದು ಧರ್ಮಸಭೆಯೇ ಬೋಧಿಸುತ್ತದೆ.

“ಅವರು ನೋಟಿಸನ್ನೇ ಸ್ವೀಕರಿಸುವುದಿಲ್ಲ, ವಕೀಲರಿಗೆ ಕೊಡಲು ಹಣವೂ ಇಲ್ಲ” ಎಂಬುದು ಇಂಥವರ ಅಳಲು. ಕಾನೂನು ಇದಕ್ಕೆ ದಾರಿ ತೋರಿಸಿದೆ. ನ್ಯಾಯಾಲಯದ ಸಮನ್ಸನ್ನು ನಿರಾಕರಿಸಿದರೆ ಅದು ಜಾರಿಯಾಯಿತೆಂದೇ ನ್ಯಾಯಾಲಯವು ಪರಿಗಣಿಸಬಹುದು. ಪತಿ ತಲೆಮರೆಸಿಕೊಂಡಿದ್ದರೆ, ನ್ಯಾಯಾಲಯದ ಅಪ್ಪಣೆಯಂತೆ ಆತನ ಕೊನೆಯ ಮನೆಯ ಬಾಗಿಲಿಗೆ ಅಂಟಿಸಬಹುದು, ಅಥವಾ ಆ ಊರಿನಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಬಹುದು. ಆತ ಬಾರದಿದ್ದರೂ ವಿಚಾರಣೆ ನಡೆಯುತ್ತದೆ. ಆದರೆ ಅರ್ಜಿದಾರಳು ತನ್ನ ಮಾತನ್ನು ಸಾಕ್ಷ್ಯದಿಂದ ಸ್ಥಾಪಿಸಬೇಕು. ಆದುದರಿಂದ ಹಿಂದಿರುಗಿದ ಲಕೋಟೆಗಳನ್ನು ಎಸೆಯದೆ ಕಾದಿಡಬೇಕು.

1869ರ ವಿಚ್ಛೇದನ ಕಾಯಿದೆಗೆ 2001ರಲ್ಲಾದ ತಿದ್ದುಪಡಿಯಿಂದ, ಕನಿಷ್ಠ ಎರಡು ವರ್ಷಗಳ ಪರಿತ್ಯಾಗವೇ ವಿಚ್ಛೇದನಕ್ಕೆ ಆಧಾರವಾಗುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯು ಆದಾಯವನ್ನು ಲೆಕ್ಕಿಸದೆ ಮಹಿಳೆಯರಿಗೆ ಉಚಿತ ನೆರವಿನ ಹಕ್ಕನ್ನಿತ್ತಿದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಸಲ್ಲಿಸಿದರೆ ಸಾಕು.

ಒಂದನ್ನು ಮರೆಯಬಾರದು. ನ್ಯಾಯಾಲಯದ ತೀರ್ಪು ಸಂಸ್ಕಾರದ ಬಂಧವನ್ನು ಬಿಡಿಸದು. ಧರ್ಮಪ್ರಾಂತ್ಯದ ನ್ಯಾಯಪೀಠವು ವಿವಾಹವನ್ನು ಅಸಿಂಧುವೆಂದರೂ ಅದಕ್ಕೆ ನಾಗರಿಕ ಮಾನ್ಯತೆಯಿಲ್ಲ. ಎರಡೂ ಬೇರೆಬೇರೆ ದಾರಿಗಳು. ಆ ನ್ಯಾಯಪೀಠದಲ್ಲಿಯೂ ಸಂಗಾತಿಯ ಮೌನವು ಅಡ್ಡಿಯಾಗದು. 2015ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಅದರ ವಿಧಿಗಳನ್ನು ಸರಳಗೊಳಿಸಿ, ಸಾಧ್ಯವಾದಷ್ಟು ಉಚಿತವಾಗಿರಬೇಕೆಂದರು.

ಇಂಥ ಸಹೋದರಿಯನ್ನು ಕಂಡು ನಾವು ಪಿಸುಗುಟ್ಟುವುದು ಬೇಡ. ನ್ಯಾಯಾಲಯದ ಮೆಟ್ಟಿಲೇರುವ ದಿನ ಆಕೆಯ ಜೊತೆಗೆ ಹೋಗೋಣ.