ಗೆಲ್ಲಲು ಹೂಡದ ದಾವೆ

"ಮೇಡಂ, ಕೇಸು ಗೆಲ್ಲಿಸಿಕೊಡಿ ಅಂತ ಕೇಳ್ತಿಲ್ಲ. ಒಂದು ಸ್ಟೇ ತಂದುಕೊಡಿ, ಉಳಿದದ್ದು ನಾನು ನೋಡ್ಕೋತೀನಿ." ವಕೀಲಿಕೆಯಲ್ಲಿ ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ! ಅವರಿಗೆ ತೀರ್ಪು ಬೇಕಿಲ್ಲ, ಕಾಲ ತಳ್ಳಿದರೆ ಸಾಕು.

ಇದಕ್ಕೊಂದು ಮಾದರಿ ಬೆಂಗಳೂರಿನಲ್ಲೇ ಇದೆ. ಬಾಡಿಗೆದಾರನೊಬ್ಬ ಹೈಕೋರ್ಟಿನವರೆಗೆ ಹೋಗಿ ಸೋತ. ಜಾಗ ಖಾಲಿ ಮಾಡಲು ತಿಂಗಳುಗಟ್ಟಲೆ ಕಾಲಾವಕಾಶವನ್ನೂ ಪಡೆದ. ಆಮೇಲೆ ಅವನ ಮಗ ಮುನ್ಸೀಫ್ ಕೋರ್ಟಿಗೆ ಬಂದು, ಆ ಆದೇಶವನ್ನು ಮೋಸದಿಂದ ಪಡೆದಿದ್ದಾರೆ, ತಡೆಯಾಜ್ಞೆ ಕೊಡಿ ಎಂದ. ಅಲ್ಲಿ ಬೇಳೆ ಬೇಯದಿದ್ದಾಗ ಹೆಚ್ಚುಕಡಿಮೆ ಅದೇ ವಾದಪತ್ರವನ್ನು ಇನ್ನೊಬ್ಬ ಮುನ್ಸೀಫರ ಮುಂದಿಟ್ಟ. ಮೊದಲ ಕೋರ್ಟಿನಲ್ಲಿ ಆದದ್ದರ ಬಗ್ಗೆ ತುಟಿ ಬಿಚ್ಚಲಿಲ್ಲ. 1977ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು.

ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಚಿಕ್ಕದು, ಬಲು ಖಾರ. ವಾದಪತ್ರವನ್ನು ಕಾಟಾಚಾರಕ್ಕೆ ಓದಬೇಡಿ, ಅರ್ಥವಿಟ್ಟು ಓದಿ; ದಾವೆಯಲ್ಲಿ ಹುರುಳಿಲ್ಲ, ಬರೀ ಕಿರುಕುಳ ಎಂದು ಕಂಡರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7, ನಿಯಮ 11ರಂತೆ ತಿರಸ್ಕರಿಸಿ ಎಂದು ಕೆಳಗಿನ ನ್ಯಾಯಾಧೀಶರಿಗೆ ಹೇಳಿದರು. ಜಾಣ ಬರವಣಿಗೆಯಿಂದ ವ್ಯಾಜ್ಯಕಾರಣ ಇದ್ದಂತೆ ತೋರಿಸಿದ್ದರೆ ಆದೇಶ 10ರಂತೆ ಕಕ್ಷಿದಾರನನ್ನೇ ಮೊದಲ ದಿನ ನಿಲ್ಲಿಸಿ ಪ್ರಶ್ನೆ ಕೇಳಿ ಎಂದರು. ಇಂಥ ಕೇಸು ಹಿಡಿಯುವ ವಕೀಲರಿಗೂ ಚಾಟಿ ಬಿತ್ತು. ಆ ಸಾಲುಗಳಿಗೆ ಕಟ್ಟು ಹಾಕಿಸಿ ಯಾವ ವಕೀಲರ ಸಂಘವೂ ಗೋಡೆಗೆ ತೂಗುಹಾಕಿದ್ದು ನಾನು ಕಾಣೆ.

ಜಾಣ ಬರವಣಿಗೆ ಹೇಗಿರುತ್ತದೆ? ವಾದಪತ್ರದ ಕೊನೆಯ ಪ್ಯಾರಾಗಳತ್ತ ಬನ್ನಿ: "ಈಗ್ಗೆ ಒಂದು ವಾರದ ಹಿಂದೆ ಪ್ರತಿವಾದಿಯು ದಾವಾ ಸ್ವತ್ತಿಗೆ ಬಂದು ಅಡ್ಡಿಪಡಿಸಿದ್ದರಿಂದ ವ್ಯಾಜ್ಯಕಾರಣ ಉದ್ಭವಿಸಿರುತ್ತದೆ." ಬಂದವರು ಯಾರು, ಎಷ್ಟು ಹೊತ್ತಿಗೆ, ಕಂಡವರಾರು, ಒಂದೂ ಇಲ್ಲ. ಟೈಪಿಸ್ಟನಿಗೆ ಈ ಸಾಲು ಬಾಯಿಪಾಠ, ಹೆಸರು ಬದಲಿಸಿದರೆ ಮುಗಿಯಿತು.

ಆದರೆ ನಿಯಮ 11ರ ಅರ್ಜಿ ಬಂದಾಗ ನ್ಯಾಯಾಧೀಶರು ನೋಡುವುದು ವಾದಪತ್ರ ಮತ್ತು ಅದರ ಜೊತೆ ಕೊಟ್ಟ ದಾಖಲೆಗಳನ್ನು ಮಾತ್ರ. ಪ್ರತಿವಾದಿ ಏನು ಹೇಳುತ್ತಾನೆ ಎನ್ನುವುದು ಆಗ ಲೆಕ್ಕಕ್ಕಿಲ್ಲ. ಹಾಗಾಗಿ ಹಳೆಯ ಕೇಸನ್ನು ಮುಚ್ಚಿಟ್ಟವನು ಈ ಹಂತ ದಾಟಿಬಿಡಬಹುದು. ಇದು ಸರಿಯೇ ಎಂದು ನನ್ನ ಜೂನಿಯರ್‌ಗಳು ಕೇಳುತ್ತಾರೆ. ನನಗೇನೋ ಸರಿ ಎನ್ನಿಸುತ್ತದೆ. ಅಣ್ಣಂದಿರು ಪಾಲು ಕೊಡದೆ ಹೊರಗಿಟ್ಟ ಹೆಣ್ಣುಮಗಳ ದಾವೆಯನ್ನೂ ಎದುರಾಳಿಗಳು ಮೊದಲು "ಸುಳ್ಳು ಕೇಸು" ಎಂದೇ ಕರೆಯುವುದು. ಸಾಕ್ಷ್ಯ ಕೇಳದೆ ಅವಳನ್ನು ಬಾಗಿಲಲ್ಲೇ ತಡೆಯಬಾರದಲ್ಲ.

ಇನ್ನೊಂದು ತಮಾಷೆ: ವಾದಪತ್ರ ತಿರಸ್ಕರಿಸಿದ ಆದೇಶ ಕಾನೂನಿನ ಕಣ್ಣಿಗೆ ಡಿಕ್ರಿ, ಆದ್ದರಿಂದ ಅದರ ಮೇಲೆ ಅಪೀಲು ಉಂಟು. ತಪ್ಪು ತಿದ್ದಿಕೊಂಡು ಹೊಸ ದಾವೆ ಹೂಡುವುದಕ್ಕೂ ನಿಯಮ 13 ಅಡ್ಡಿಯಿಲ್ಲ ಎನ್ನುತ್ತದೆ. ಕಾಲ ತಳ್ಳುವವನಿಗೆ ಅದೂ ಲಾಭವೇ.

ಹಾಗಾದರೆ ಅವನಿಗೆ ನೋವಾಗುವುದು ಎಲ್ಲಿ? ಜೇಬಿನಲ್ಲಿ. ಬೇಕೆಂದೇ ಸುಳ್ಳು ದಾವೆ ಹೂಡಿದವನಿಂದ ಎದುರಾಳಿಗೆ ಪರಿಹಾರ ಕೊಡಿಸುವ ಕಲಂ 35ಎ ಇದೆ. ಅದರ ಮೇಲ್ಮಿತಿ 3,000 ರೂಪಾಯಿ, 1976ರ ತಿದ್ದುಪಡಿಯಲ್ಲಿ ಬಂದದ್ದು. ವಾಣಿಜ್ಯ ವ್ಯಾಜ್ಯಗಳಿಗೆ ಆ ಮಿತಿ ತೆಗೆದಿದ್ದಾರೆ. ಮನೆ, ಹೊಲ, ಸೈಟಿನ ಜಗಳಗಳಿಗೆ ಇಂದಿಗೂ ಅಷ್ಟೇ.