ವಸಂತದ ಹಕ್ಕಿಗಳೂ ಛಾಯಾಚಿತ್ರವೂ

ವಸಂತವೆಂದೊಡನೆ ಕೋಗಿಲೆಯನ್ನು ನೆನೆಯುವುದು ನಮ್ಮ ಜನರ ರೂಢಿ. ಅದರ ದನಿಯನ್ನು ಕವಿಗಳು ಎಷ್ಟು ಹೊಗಳಿದರೂ ದಣಿದಿಲ್ಲ. ಆದರೆ ಆ ಹಕ್ಕಿಯನ್ನು ಕಣ್ಣಾರೆ ಕಂಡು ಗುರುತಿಸಿದವರು ಎಷ್ಟು ಮಂದಿ? ಇಂಪಾಗಿ ಕೂಗುವುದು ಕಪ್ಪು ಮೈಯ, ಕೆಂಗಣ್ಣಿನ ಗಂಡು. ಹೆಣ್ಣಿನದು ಬಿಳಿಯ ಚುಕ್ಕೆಗಳುಳ್ಳ ಕಂದು ಮೈ. ಎರಡನ್ನೂ ಒಂದೇ ಮರದಲ್ಲಿ ಕಂಡವರು ಕೂಡ ಅವು ಬೇರೆ ಬೇರೆ ಜಾತಿಯವೆಂದು ತಿಳಿಯುವುದುಂಟು. ಕಿವಿಗೆ ಪರಿಚಿತವಾದ ಹಕ್ಕಿಯನ್ನು ಕಣ್ಣಿಗೂ ಪರಿಚಯಮಾಡಿಕೊಳ್ಳುವುದರಲ್ಲಿ ಒಂದು ನಿರ್ಮಲವಾದ ಸಂತೋಷವಿದೆ. ಆ ಸಂತೋಷವನ್ನೂ, ಅದನ್ನು ಚಿತ್ರದಲ್ಲಿ ಉಳಿಸಿಕೊಳ್ಳುವ ಆಸೆಯನ್ನೂ, ಆ ಆಸೆಗೆ ಇರಬೇಕಾದ ಎಲ್ಲೆಯನ್ನೂ ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇವೆ.

ಪಕ್ಷಿವೀಕ್ಷಣೆಗೆ ನಮ್ಮ ಮೈಸೂರು ಸೀಮೆಯಲ್ಲಿ ವಸಂತಕ್ಕಿಂತ ಅನುಕೂಲವಾದ ಕಾಲ ಅಪರೂಪ. ಮಾಘ ಫಾಲ್ಗುಣಗಳಲ್ಲಿ ಎಲೆಯುದುರಿಸಿದ ಬೂರುಗವೂ ಮುತ್ತುಗವೂ ಎಲೆ ಮೂಡುವುದಕ್ಕೆ ಮುಂಚೆಯೇ ಮೈತುಂಬ ಹೂ ತಳೆಯುವುವು. ಆ ಕೆಂಪು ಹೂಗಳ ಮಕರಂದಕ್ಕಾಗಿ ಗೊರವಂಕ, ಕಾಜಾಣ, ಕಾಗೆ, ಸೂರಕ್ಕಿ ಮೊದಲಾದುವು ಸಂತೆ ನೆರೆಯುವುವು. ಎಲೆಯ ಮರೆಯಿಲ್ಲದ ಕಾರಣ ನೋಡುವವನಿಗೆ ಅಡ್ಡಿಯಿಲ್ಲ. ಹಕ್ಕಿಗಳ ಉಡುಪೂ ಈಗಲೇ ಉಜ್ಜ್ವಲ. ಗಂಡು ಸೂರಕ್ಕಿ ಮರಿಮಾಡುವ ಕಾಲ ಕಳೆದ ಮೇಲೆ ಹೆಣ್ಣಿನಂತೆಯೇ ಮಂಕಾದ ಬಣ್ಣ ತಾಳುವುದು. ಈಗಲಾದರೋ ಬಿಸಿಲು ಬಿದ್ದೊಡನೆ ನೀಲಿಯಾಗಿಯೂ ನೇರಿಳೆಯಾಗಿಯೂ ಹೊಳೆಯುವುದು. ದನಗಳ ಹಿಂದೆ ಅಲೆಯುವ ಬೆಳ್ಳಕ್ಕಿಯ ತಲೆ, ಕೊರಳು, ಬೆನ್ನುಗಳ ಮೇಲೆ ಬೇಸಿಗೆ ಏರಿದಂತೆ ಹೊಂಬಣ್ಣ ಹರಡುವುದು. ಊರಿನ ಹಕ್ಕಿಗಳು ಹೀಗೆ ಸಿಂಗರಿಸಿಕೊಳ್ಳುತ್ತಿರುವಾಗಲೇ ಚಳಿಗಾಲದ ಅತಿಥಿಗಳು ಪ್ರಯಾಣಕ್ಕೆ ಅಣಿಯಾಗುವುವು. ನಂಜನಗೂಡಿನ ಕಡೆಯ ಹದಿನಾರು ಕೆರೆಯಲ್ಲಿ ಚಳಿಗಾಲ ಕಳೆಯುವ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಟಿಬೆಟ್ಟು, ಮಂಗೋಲಿಯಗಳ ಕಡೆಗೆ ಹೊರಟುಹೋಗುವುವು.

ಇವನ್ನು ನೋಡುವುದಕ್ಕೆ ದೊಡ್ಡ ಸಾಧನಗಳೇನೂ ಬೇಕಿಲ್ಲ. ಬಿಸಿಲೇರುವುದಕ್ಕೆ ಮುಂಚೆ, ಸೂರ್ಯನನ್ನು ಬೆನ್ನಿಗೆ ಮಾಡಿಕೊಂಡು, ಕಣ್ಣುಕುಕ್ಕದ ಬಟ್ಟೆ ತೊಟ್ಟು, ಒಂದು ಮರದ ಬುಡದಲ್ಲಿ ಅರ್ಧ ಗಂಟೆ ಅಲುಗದೆ ಕುಳಿತರೆ ಸಾಕು. ಮೊದಲು ಹಕ್ಕಿಗಳು ನಮ್ಮನ್ನು ನೋಡುವುವು. ನಮ್ಮಿಂದ ಭಯವಿಲ್ಲವೆಂದು ಅವಕ್ಕೆ ಮನವರಿಕೆಯಾದ ಮೇಲೆ ನಾವು ಅವನ್ನು ನೋಡಬಹುದು.

ನೋಡಿದ್ದನ್ನು ಚಿತ್ರ ಹಿಡಿಯಬೇಕೆಂಬ ಆಸೆ ಇದರ ಬೆನ್ನಿಗೇ ಬರುವುದು. ಅದು ಹೊಸದೂ ಅಲ್ಲ, ಕೆಟ್ಟದ್ದೂ ಅಲ್ಲ. ಇಂಗ್ಲೆಂಡಿನಲ್ಲಿ ರಿಚರ್ಡ್ ಕಿಯರ್ಟನ್ ಮತ್ತು ಚೆರ್ರಿ ಕಿಯರ್ಟನ್ ಎಂಬ ಸೋದರರು ಮೊಟ್ಟೆಗಳಿದ್ದ ಹಕ್ಕಿಗೂಡಿನ ಛಾಯಾಚಿತ್ರವನ್ನು 1892ರಲ್ಲಿಯೇ ತೆಗೆದರು. 1895ರಲ್ಲಿ ಗೂಡುಗಳ ಚಿತ್ರಗಳಿಂದಲೇ ತುಂಬಿದ ಗ್ರಂಥವೊಂದನ್ನು ಹೊರತಂದರು. ಹಕ್ಕಿಗಳು ಬೆದರದಿರಲೆಂದು ಅವರು ಎತ್ತಿನ ಚರ್ಮದಿಂದ ಪೊಳ್ಳಾದ ಬೊಂಬೆಯೊಂದನ್ನು ಮಾಡಿಸಿ, ಅದರೊಳಗೆ ಕ್ಯಾಮರದೊಡನೆ ಅಡಗಿ ಕೂರುತ್ತಿದ್ದರು! ಅಂದು ಒಂದೊಂದು ಚಿತ್ರಕ್ಕೂ ಒಂದೊಂದು ಗಾಜಿನ ಫಲಕ ಬೇಕಾಗಿದ್ದಿತು. ಇಂದಿನ ಕ್ಯಾಮರವಾದರೋ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಹಾರುವ ರೆಕ್ಕೆಯನ್ನು ನಿಲ್ಲಿಸಿ ತೋರಿಸುವುದು. ದೂರದೃಷ್ಟಿಯ ಲೆನ್ಸು ಐವತ್ತು ಗಜದಾಚೆಯ ಹಕ್ಕಿಯನ್ನು ಅಂಗೈಯ ಮೇಲಿದ್ದಂತೆ ಕಾಣಿಸುವುದು. ದೂರದಿಂದಲೇ ಚಿತ್ರ ತೆಗೆಯುವ ಸೌಕರ್ಯ ಹೀಗೆ ಹೆಚ್ಚಿದ್ದರೂ ಇನ್ನೂ ಹತ್ತಿರ ಹೋಗಬೇಕೆಂಬ ಚಪಲ ಕಡಮೆಯಾಗಿಲ್ಲ. ವಸಂತದಲ್ಲಿ ಅಪಾಯವಿರುವುದು ಇಲ್ಲಿಯೇ. ಏಕೆಂದರೆ ಇದು ಹಲವು ಹಕ್ಕಿಗಳು ಗೂಡು ಕಟ್ಟುವ ಕಾಲ.

ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಹಿತ್ತಲಿನ ದಾಸವಾಳದ ಗಿಡದಲ್ಲಿ ಕೆಂಪು ಮೀಸೆಯ ಪಿಕಳಾರದ ಜೋಡಿಯೊಂದು ಗೂಡು ಕಟ್ಟಿದ್ದಿತು. ಕೆಂಪು ಚುಕ್ಕೆಗಳಿದ್ದ ಮೂರು ಮೊಟ್ಟೆಗಳೊಡೆದು ಮೂರು ಮರಿಗಳು ಹೊರಬಂದುವು. ಚಿತ್ರಕ್ಕೆ ಎರಡು ರೆಂಬೆಗಳು ಅಡ್ಡವಾಗಿದ್ದುವು. ಕತ್ತರಿ ನಮ್ಮ ಕೈಯಲ್ಲಿದ್ದಿತು, ಕ್ಷಣಮಾತ್ರದ ಕೆಲಸ. ಬೆಳಕು ಸೊಗಸಾಗಿ ಬಿದ್ದಿತು, ಚಿತ್ರಗಳೂ ಸೊಗಸಾಗಿ ಬಂದುವು, ಮಿತ್ರರು ಮೆಚ್ಚಿದರು. ಮೂರನೆಯ ದಿನ ನೋಡಿದರೆ ಗೂಡು ಬರಿದಾಗಿದ್ದಿತು. ಮರಿಗಳನ್ನು ಕೊಂದುದು ಬಿಸಿಲೋ ಕಾಗೆಯೋ, ಎರಡಕ್ಕೂ ದಾರಿ ಮಾಡಿಕೊಟ್ಟವರು ನಾವೇ. ತಾಯಿತಂದೆಗಳೆರಡೂ ಕೊಕ್ಕಿನಲ್ಲಿ ಹುಳುವನ್ನು ಕಚ್ಚಿಕೊಂಡು ಸಂಜೆಯವರೆಗೂ ಗಿಡದ ಸುತ್ತ ಸುಳಿಯುತ್ತಿದ್ದುವು. ಆ ಚಿತ್ರವನ್ನು ನಾವು ಮತ್ತಾರಿಗೂ ತೋರಿಸಲಿಲ್ಲ.

ಎರಡು ರೆಂಬೆಗಳ ಬೆಲೆಯೇನೆಂಬುದು ಮರುವರ್ಷ ರಂಗನತಿಟ್ಟಿನಲ್ಲಿ ನಮಗೆ ಚೆನ್ನಾಗಿ ಅರ್ಥವಾಯಿತು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿರುವ ಈ ತಾಣವನ್ನು ಪಕ್ಷಿಶಾಸ್ತ್ರಜ್ಞರಾದ ಸಲೀಂ ಆಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನವು 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಿತು. ನಡುಹಗಲಿನಲ್ಲಿ ದೋಣಿಯಿಂದ ನೋಡುತ್ತಿದ್ದೆವು. ಬಣ್ಣದ ಕೊಕ್ಕರೆಯೊಂದು ಗೂಡಿನಲ್ಲಿ ಸೂರ್ಯನಿಗೆ ಬೆನ್ನು ಮಾಡಿ ನಿಂತು, ತನ್ನ ಎರಡು ರೆಕ್ಕೆಗಳನ್ನೂ ಕೊಡೆಯಂತೆ ಬಿಚ್ಚಿ ಮರಿಗಳ ಮೇಲೆ ನೆರಳು ಹಿಡಿದಿದ್ದಿತು. ಮರಿಗಳು ಆ ನೆರಳಿನಲ್ಲಿ ಒತ್ತಾಗಿ ಮಲಗಿದ್ದುವು. ನಾವು ಅಲ್ಲಿದ್ದಷ್ಟು ಹೊತ್ತೂ ಕೊಕ್ಕರೆ ಕದಲಲಿಲ್ಲ. ಅದನ್ನು ಬೆದರಿಸಿ ಎಬ್ಬಿಸಿದರೆ ನೆರಳೂ ಅದರೊಡನೆಯೇ ಎದ್ದುಹೋಗುವುದು! ನೋಡುವವನಿಗೆ ಅಡ್ಡಿಯೆಂದು ತೋರುವ ಎಲೆ, ರೆಂಬೆ, ರೆಕ್ಕೆಗಳೇ ಮರಿಗೆ ಪ್ರಾಣಾಧಾರ.

ಆದುದರಿಂದ ಕ್ಯಾಮರ ಹಿಡಿಯುವವರು ಕೆಲವು ಕಟ್ಟಳೆಗಳನ್ನು ತಾವಾಗಿಯೇ ಹಾಕಿಕೊಳ್ಳುವುದು ಲೇಸು. ಗೂಡಿನ ಬಳಿಯ ಒಂದು ಎಲೆಯನ್ನೂ ಕೀಳಬಾರದು. ಹಕ್ಕಿ ತನ್ನ ಕೆಲಸ ನಿಲ್ಲಿಸಿ ನಮ್ಮತ್ತ ಕೊರಳೆತ್ತಿದರೆ ನಾವು ಮಿತಿಮೀರಿದೆವೆಂದು ಅರಿತು ಹಿಂದೆ ಸರಿಯಬೇಕು. ಮುದ್ರಿಸಿಕೊಂಡ ಕೂಗನ್ನು ಕೇಳಿಸಿ ಹಕ್ಕಿಯನ್ನು ಕರೆಯುವವರುಂಟು. ಇಲ್ಲದ ಎದುರಾಳಿಯನ್ನು ಅಟ್ಟಲು ಬಂದ ಗಂಡು ಅಷ್ಟು ಹೊತ್ತು ಮರಿಗಳನ್ನು ಮರೆತಿರುವುದರಿಂದ ಅದನ್ನೂ ಬಿಡಬೇಕು. ಗೂಡಿನ ನೆಲೆಯನ್ನು ಎಲ್ಲರಿಗೂ ಸಾರಬಾರದು. ಕಾಡುಹಕ್ಕಿಗಳ ಗೂಡನ್ನೂ ಮೊಟ್ಟೆಯನ್ನೂ ಕದಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯೊಡನೆಯೇ ಎಣಿಸಿದೆ. ಆದರೆ ಕಾಯಿದೆಯ ಕಾವಲಿಗಾರನು ಹಿತ್ತಲಿಗೆ ಬರಲಾರನು. ಅಲ್ಲಿ ನಮ್ಮ ಮನಸ್ಸೇ ಕಾವಲು.

ಹೀಗೆ ಹೇಳಿದುದರಿಂದ ಚಿತ್ರ ತೆಗೆಯುವ ಸಂತೋಷಕ್ಕೆ ಕುಂದೆಂದು ಯಾರೂ ಭಾವಿಸಬಾರದು. ಹೂಬಿಟ್ಟ ಬೂರುಗದ ಕೆಳಗೆ ಒಂದು ಬೆಳಗು ಕುಳಿತರೆ, ಯಾವ ಹಕ್ಕಿಗೂ ತೊಂದರೆಯಿಲ್ಲದೆ ವರ್ಷವೆಲ್ಲ ನೋಡಿ ನಲಿಯುವಷ್ಟು ಚಿತ್ರಗಳು ದೊರೆಯುವುವು. ಕೇಳುಗ ಮಹಾಶಯರು ಈ ವಸಂತದಲ್ಲಿ ಅದನ್ನು ಪರೀಕ್ಷಿಸಿ ನೋಡಬೇಕೆಂದು ನಮ್ಮ ಕೋರಿಕೆ. ನಮ್ಮ ಹಿತ್ತಲಿನ ದಾಸವಾಳಕ್ಕೆ ಪಿಕಳಾರಗಳು ಮರಳಿ ಬಂದಿವೆ. ಈ ಸಲದ ಗೂಡಿನ ಚಿತ್ರ ನಮ್ಮಲ್ಲಿಲ್ಲ. ಮರಿಗಳು ಹಾರಿಹೋದ ದಿನವನ್ನು ಮಾತ್ರ ಪಂಚಾಂಗದ ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದೇವೆ.