ಮಂಡ್ಯದ ಜನಪದ ಕಲಾವಿದರು ಮತ್ತು ಪರದೇಶದ ಗಡಿ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮದ್ದೂರು ದಾಟಿ ಮಂಡ್ಯಕ್ಕೆ ಹೋಗುವಾಗ ಸಿಗುವ ಗೆಜ್ಜಲಗೆರೆ ಹೊರಗಿನವರಿಗೆ ಹಾಲು ಒಕ್ಕೂಟದ ಡೇರಿಯಿಂದಲೇ ಹೆಚ್ಚು ಪರಿಚಿತವಾದರೂ, ಅದರ ಸುತ್ತಲಿನ ಮದ್ದೂರು–ಮಳವಳ್ಳಿ ಸೀಮೆ ಪೂಜಾ ಕುಣಿತ, ಪಟ ಕುಣಿತ, ಸೋಮನ ಕುಣಿತ, ತಮಟೆ ವಾದನಗಳಿಗೆ ನೆಲೆಯಾಗಿದೆ. ಮಂಟೇಸ್ವಾಮಿಯ ಕಥನವನ್ನು ತಂಬೂರಿ, ಗಗ್ಗರಗಳೊಡನೆ ರಾತ್ರಿಯಿಡೀ ಹಾಡುವ ನೀಲಗಾರರ ಪರಂಪರೆಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಠವೇ ಗುರುಪೀಠ. 2000ದಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ, ಅಲ್ಲಿನ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ ಸಂಸ್ಥೆಯ ಮೊದಲ ವಿಶ್ವ ಕನ್ನಡ ಸಮ್ಮೇಳನ ನಡೆದ ಮೇಲೆ, ಹೊರದೇಶದ ಕನ್ನಡ ವೇದಿಕೆಗಳು ಇಂಥ ಕಲೆಗಳಿಗೆ ಒಂದು ಹೊಸ ಅಂಗಳದಂತೆ ತೆರೆದುಕೊಂಡವು. ಆದರೆ ಆ ಅಂಗಳಕ್ಕೆ ಹೋಗುವ ದಾರಿ ಎಲ್ಲರಿಗೂ ಒಂದೇ ಆಗಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೋ, 1950ರಲ್ಲಿ ಸ್ಥಾಪನೆಯಾದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತೋ ಆರಿಸಿ ಕಳುಹಿಸುವ ತಂಡದ ಹೆಸರಿನಲ್ಲಿ ಹೋಗುವವರಿಗೂ, ಯಾವ ಸಂಸ್ಥೆಯ ಬೆಂಬಲವೂ ಇಲ್ಲದೆ ತಮ್ಮ ಹೆಸರಿಗೇ ಬಂದ ಆಹ್ವಾನ ಹಿಡಿದು ಹೊರಡುವ ಸ್ವತಂತ್ರ ಕಲಾವಿದರಿಗೂ ನಡುವಿನ ಅಂತರ ಬಹಳ ದೊಡ್ಡದು.

ತೊಡಕು ಪಾಸ್‌ಪೋರ್ಟಿನಲ್ಲೇ ಮೊದಲಾಗುತ್ತದೆ. 1983ರ ಎಮಿಗ್ರೇಷನ್ ಕಾಯ್ದೆಯ ವ್ಯವಸ್ಥೆಯಂತೆ, ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ‘ಇಸಿಆರ್’ ವರ್ಗದ ಪಾಸ್‌ಪೋರ್ಟ್ ದೊರೆಯುತ್ತದೆ. ಅಂದರೆ ಕೊಲ್ಲಿ ರಾಷ್ಟ್ರಗಳೂ ಸೇರಿದ 18 ದೇಶಗಳಿಗೆ ಅವರು ಕೆಲಸಕ್ಕೆಂದು ಹೋಗಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ವಯಸ್ಸು 50 ದಾಟಿದವರಿಗೆ ಈ ನಿರ್ಬಂಧವಿಲ್ಲ. ದುಡಿಯಲು ಹೋಗುವ ಬಡವರನ್ನು ದಲ್ಲಾಳಿಗಳ ಮೋಸದಿಂದ ಕಾಪಾಡಲೆಂದು ಮಾಡಿದ ಈ ಏರ್ಪಾಡಿನ ಉದ್ದೇಶ ಒಳ್ಳೆಯದೇ. ಆದರೂ ಶಾಲೆ ಬಿಟ್ಟು ಹಿರಿಯರ ಬೆನ್ನಿಗೆ ನಿಂತು ಕಲೆ ಕಲಿತ ತಮಟೆ ವಾದಕನ ಎದುರು ಅದು ಅಡ್ಡಿಯಾಗಿ ನಿಲ್ಲುತ್ತದೆ. ಹೆಸರಿನ ತೊಡಕು ಇದಕ್ಕೆ ಸೇರಿಕೊಳ್ಳುತ್ತದೆ. ಮಂಡ್ಯ ಸೀಮೆಯ ಬಹುಪಾಲು ಜನರಿಗೆ ಮನೆತನದ ಹೆಸರೆಂಬುದು ಬಳಕೆಯಲ್ಲಿಲ್ಲ, ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಅವರ ಗುರುತು. ಆ ಅಕ್ಷರಗಳು ಪಾಸ್‌ಪೋರ್ಟಿಗೆ ಬಾರದೆ ಒಂದೇ ಹೆಸರು ಉಳಿದವರಿಗೆ ಭೇಟಿಯ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಯುಎಇ 2022ರ ನವೆಂಬರಿನಲ್ಲಿ ಪ್ರಕಟಿಸಿ, ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕೆಂದು ಬಳಿಕ ಸಡಿಲಿಸಿತು.

ಅಮೆರಿಕದ ನಿಯಮಗಳು ಇನ್ನೂ ಬಿಗಿ. ಪ್ರವಾಸಿ ವೀಸಾದ ಮೇಲೆ ಹೋಗಿ ಸಂಭಾವನೆ ಪಡೆದು ಹಾಡುವಂತಿಲ್ಲ. ಒಂದು ಜನಾಂಗದ ಅಥವಾ ಪ್ರದೇಶದ ವಿಶಿಷ್ಟ ಕಲೆಯನ್ನು ಪ್ರದರ್ಶಿಸುವವರಿಗಾಗಿ ‘ಪಿ-3’ ಎಂಬ ಪ್ರತ್ಯೇಕ ವರ್ಗವಿದೆ. ಅದಕ್ಕೆ ಕಲಾವಿದರು ನೇರವಾಗಿ ಅರ್ಜಿ ಹಾಕುವಂತಿಲ್ಲ, ಆಹ್ವಾನಿಸುವ ಅಲ್ಲಿನ ಸಂಘವೇ ಅರ್ಜಿ ಸಲ್ಲಿಸಿ, ಆ ದೇಶದ ಕಲಾವಿದರ ಕಾರ್ಮಿಕ ಸಂಘಟನೆಯೊಂದರ ಅಭಿಪ್ರಾಯ ಪತ್ರವನ್ನೂ, ಕಲೆ ನಿಜವಾಗಿಯೂ ಸಾಂಪ್ರದಾಯಿಕವೆಂಬುದಕ್ಕೆ ತಜ್ಞರ ಪತ್ರ ಅಥವಾ ಪತ್ರಿಕಾ ಬರಹಗಳ ಸಾಕ್ಷ್ಯವನ್ನೂ ಒದಗಿಸಬೇಕು. 2024ರ ಏಪ್ರಿಲ್‌ನಲ್ಲಿ ಈ ಅರ್ಜಿಯ ಶುಲ್ಕ 1,015 ಡಾಲರ್‌ಗೆ, ಸಣ್ಣ ಸಂಸ್ಥೆಗಳಿಗೂ ಲಾಭರಹಿತ ಸಂಘಗಳಿಗೂ 510 ಡಾಲರ್‌ಗೆ ಏರಿತು. ಅದು ಒಪ್ಪಿಗೆಯಾದ ಮೇಲೆ ಪ್ರತಿಯೊಬ್ಬ ಕಲಾವಿದನೂ 2023ರಲ್ಲಿ ನಿಗದಿಯಾದಂತೆ 205 ಡಾಲರ್ ವೀಸಾ ಶುಲ್ಕ ಕಟ್ಟಬೇಕು. ಹತ್ತು ಜನರ ತಂಡಕ್ಕೆ ಇದೊಂದೇ 2,050 ಡಾಲರ್, ವೀಸಾ ನಿರಾಕರಣೆಯಾದರೂ ಹಿಂದಿರುಗದ ಹಣ. ಬೆಂಗಳೂರಿನ ಅಮೆರಿಕನ್ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾದರೂ ಆರಂಭದಲ್ಲಿ ಅಲ್ಲಿ ವೀಸಾ ಸೇವೆ ಇರಲಿಲ್ಲ; ಕರ್ನಾಟಕ ಬಹುಕಾಲದಿಂದ ಚೆನ್ನೈ ಕಾನ್ಸುಲೇಟಿನ ವ್ಯಾಪ್ತಿಗೆ ಸೇರಿದ್ದು, ಸಂದರ್ಶನಕ್ಕೆ ಅಲ್ಲಿಗೆ ಹೋಗುವುದೇ ರೂಢಿಯಾಗಿತ್ತು.

ಸಂದರ್ಶನದಲ್ಲಿ ಅಡ್ಡ ಬರುವುದು ಅಲ್ಲಿನ ವಲಸೆ ಕಾಯ್ದೆಯ 214(ಬಿ) ಕಲಮು. ಅರ್ಜಿದಾರ ಅಲ್ಲಿಯೇ ನೆಲೆಸಲು ಬರುತ್ತಿದ್ದಾನೆಂದು ಮೊದಲೇ ಭಾವಿಸಿ, ತಾನು ಮರಳಿ ಬರುವೆನೆಂದು ಸಾಬೀತು ಮಾಡುವ ಹೊಣೆಯನ್ನು ಆ ಕಲಮು ಅವನ ಮೇಲೆಯೇ ಹೊರಿಸುತ್ತದೆ. ಜಾತ್ರೆ, ಹಬ್ಬಗಳಲ್ಲಿ ಸಿಗುವ ಸಂಭಾವನೆ, ಉಳಿದ ದಿನಗಳ ಕೂಲಿ, ಒಂದಿಷ್ಟು ಜಮೀನಿನಿಂದ ಬದುಕುವ ಕುಣಿತದವರ ಬಳಿ ಸಂಬಳದ ಚೀಟಿಯಾಗಲಿ ಆದಾಯ ತೆರಿಗೆಯ ದಾಖಲೆಯಾಗಲಿ ಇರುವುದಿಲ್ಲ. ಅವರನ್ನು ಊರಿಗೆ ಕಟ್ಟಿಹಾಕಿರುವ ದೈವದ ಹರಕೆ, ಕುಲದ ಸೇವೆಗಳಿಗೆ ರಸೀದಿ ಕೊಡುವವರಿಲ್ಲ. ಅಧಿಕಾರಿಗಳ ಅನುಮಾನವೂ ನಿರಾಧಾರವಲ್ಲವೆಂಬುದನ್ನು ಒಪ್ಪಬೇಕು. ಕಲಾ ತಂಡದ ಸದಸ್ಯರೆಂದು ತೋರಿಸಿ ಜನರನ್ನು ಅಕ್ರಮವಾಗಿ ಹೊರದೇಶಕ್ಕೆ ಸಾಗಿಸುವ, ಪಂಜಾಬಿನಲ್ಲಿ ‘ಕಬೂತರ್‌ಬಾಜಿ’ ಎಂದು ಕರೆಯುವ ದಂಧೆಯ ಪ್ರಕರಣವೊಂದು 2003ರಲ್ಲಿ ದಾಖಲಾಗಿ, 2018ರಲ್ಲಿ ಪಟಿಯಾಲದ ನ್ಯಾಯಾಲಯ ಶಿಕ್ಷೆ ವಿಧಿಸುವವರೆಗೂ ಮುಂದುವರಿಯಿತು. ಆ ಶಿಕ್ಷೆಯನ್ನು 2022ರಲ್ಲಿ ಹೈಕೋರ್ಟ್ ಅಮಾನತಿನಲ್ಲಿಟ್ಟಿತು. ಅಂಥ ದಂಧೆಯ ನೆರಳು ನಿಜವಾದ ಕಲಾವಿದರ ಮೇಲೆ ಬೀಳುವುದು ಅನ್ಯಾಯ. ಇತ್ತ ಸ್ವದೇಶದ ಸರ್ಕಾರವೇ ಪ್ರಾಯೋಜಿಸಿ, ಖರ್ಚು ಭರಿಸಿ, ಟಿಕೆಟ್ ಹಣವಿಲ್ಲದ ಸಭೆಗೆ ಕಳುಹಿಸುವ ವೃತ್ತಿಪರ ತಂಡಕ್ಕೆ ಪಿ-3ರ ಗೋಜಿಲ್ಲದೆ ಸಾಮಾನ್ಯ ಭೇಟಿಯ ವೀಸಾ ಪಡೆಯುವ ಅವಕಾಶವಿದೆ.

ವೀಸಾ ಸಿಕ್ಕ ಮೇಲೆ ವಾದ್ಯ, ಪರಿಕರಗಳ ಸರದಿ. ಪಟ ಕುಣಿತದ ಬಿದಿರುಗಳ ಎತ್ತರ 10ರಿಂದ 15 ಅಡಿ. ಅವು ವಿಮಾನದ ಸಾಮಾನ್ಯ ಸಾಮಾನಿನೊಡನೆ ಸೇರುವುದಿಲ್ಲ. ಪೂಜಾ ಕುಣಿತದಲ್ಲಿ ಹೊರುವ ‘ಪೂಜೆ’ಯೂ ಬಿದಿರಿನ ಚೌಕಟ್ಟಿನದೇ. ಕೀಟ, ರೋಗಗಳು ಒಳಬರದಂತೆ ಕಾಯುವ ಆಸ್ಟ್ರೇಲಿಯದಲ್ಲಿ ಬಿದಿರು, ಮರ, ಚರ್ಮದ ವಸ್ತುಗಳನ್ನು ಘೋಷಿಸಿ ತಪಾಸಣೆಗೆ ಒಪ್ಪಿಸಬೇಕು. ನವಿಲುಗರಿಯ ರಫ್ತಿಗೆ ಭಾರತವೇ ನಿಷೇಧ ಹೇರಿದೆ. ಇವೆಲ್ಲ ದಾಟಿದರೂ ಚರ್ಮದ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸದೆ ಅದರ ನಾದ ಏಳುವುದಿಲ್ಲ, ಮುಚ್ಚಿದ ಸಭಾಂಗಣಗಳಲ್ಲಿ ಬೆಂಕಿ ಹಚ್ಚಲು ಬಿಡುವುದಿಲ್ಲ. ಹೀಗಾಗಿ ಫೈಬರ್ ತಮಟೆ ಅನಿವಾರ್ಯವಾಗುತ್ತದೆ, ಚರ್ಮದ ದನಿ ಊರಲ್ಲೇ ಉಳಿಯುತ್ತದೆ.

ಎಲ್ಲ ದೇಶಗಳೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಬ್ರಿಟನ್ ಕೆಲವು ಉತ್ಸವಗಳ ಪಟ್ಟಿ ಮಾಡಿ, ಅಲ್ಲಿ ಹಾಡುವವರು ಭೇಟಿಗಾರರಾಗಿಯೇ ಬಂದು ಸಂಭಾವನೆ ಪಡೆಯಬಹುದೆಂದು ಒಪ್ಪಿದೆ. ಕರ್ನಾಟಕದ ಕೈಯಲ್ಲೂ ಒಂದು ಕೆಲಸವಿದೆ: ಪಿ-3 ಕೇಳುವ ತಜ್ಞರ ಪತ್ರವನ್ನು ಬರೆದುಕೊಡುವ ಅರ್ಹತೆ ಜಾನಪದ ಅಕಾಡೆಮಿಗೂ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯಕ್ಕೂ, ನಾಗಮಂಗಲ ತಾಲ್ಲೂಕಿನವರೇ ಆದ ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕಕ್ಕೂ ಇದೆ. ಕಲಾವಿದನ ಗುರು, ಊರು, ಹಾಡಿದ ಜಾತ್ರೆಗಳು, ಪ್ರದರ್ಶನದ ಚಿತ್ರಗಳನ್ನು ಸೇರಿಸಿ ಇಂಗ್ಲಿಷಿನಲ್ಲಿ ಸಿದ್ಧಪಡಿಸಿದ ಒಂದು ಕಡತವನ್ನು ಈ ಸಂಸ್ಥೆಗಳು ಕೇಳಿದವರಿಗೆಲ್ಲ ಕೊಡತೊಡಗಿದರೆ, ಸರ್ಕಾರಿ ತಂಡದಲ್ಲಿ ಜಾಗ ಸಿಗದ ಗೆಜ್ಜಲಗೆರೆಯ ಸುತ್ತಲಿನ ಕಲಾವಿದರೂ ತಮಗೆ ಬಂದ ಆಹ್ವಾನವನ್ನು ತಾವೇ ಉಳಿಸಿಕೊಳ್ಳಬಲ್ಲರು.